ಹೆಪ್ಪಿಗಿಷ್ಟು ಮೊಸರು

ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಫಕೀರವ್ವ ಮೊಸರು ಮಾರುತ್ತಿದ್ದಳು. ಸಣ್ಣ ಸಣ್ಣ ಮಣ್ಣಿನ ಗಡಿಗೆಗಳಲ್ಲಿ ಹೆಪ್ಪು ಹಾಕಿದ ಎಮ್ಮೆ ಮೊಸರು. ಗಡಿಗೆಯನ್ನು ಬೋರಲು ಹಿಡಿದರೂ ಕೆಳಗೆ ಬೀಳದಷ್ಟು ಗಟ್ಟಿ. ಡ್ರೈವರುಗಳು ಇವಳ ಮೊಸರಿಗಾಗಿ ಬಸ್ಸನ್ನು ಸ್ವಲ್ಪ ಹೊತ್ತು ಹೆಚ್ಚಿಗೆ ನಿಲ್ಲಿಸುತ್ತಿದ್ದರು. ಪ್ರಯಾಣಿಕರು ಬೈಯುತ್ತಿದ್ದರು. ಆಮೇಲೆ ಬೈದವರೂ ಇಳಿದು ಬಂದು ಒಂದೊಂದು ಗಡಿಗೆ ಕೊಳ್ಳುತ್ತಿದ್ದರು.

ಇಂಥ ಫಕೀರವ್ವನಿಗೆ ಒಂದು ಸಾಲವಿತ್ತು, ಒಂದು ಡಬ್ಬಿಯಿತ್ತು. ನಮ್ಮ ಕಥೆ ಇರುವುದು ಈ ಎರಡರ ನಡುವೆ.

ಸಾಲ ಎಮ್ಮೆಯದು. ಮೊದಲಿನ ಎಮ್ಮೆ ಸತ್ತಾಗ ದನದ ಹಿಂಡಿ ಮಾರುವ ಅಂಗಡಿಯ ರಾಚಪ್ಪ ಸಾವಕಾರರ ಹತ್ತಿರ ಐವತ್ತು ಸಾವಿರ ತಂದು ಈ ಎಮ್ಮೆ ಕಟ್ಟಿದ್ದರು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ರಾಚಪ್ಪನವರು ಕೆಟ್ಟವರೇನಲ್ಲ. ಜೋರು ಮಾತಾಡುವವರಲ್ಲ, ಮನೆ ಮುಂದೆ ಬಂದು ನಿಂತು ಮಾನ ಕಳೆಯುವವರಲ್ಲ. ಬಡ್ಡಿ ಕೊಡಲು ಹೋದವರಿಗೆ ಕೂಡಿಸಿ ಮಾತಾಡಿಸಿ ಕಳಿಸುವರು. ಆದರೆ ಒಳ್ಳೆಯವರು ತೆಗೆದುಕೊಂಡರೂ ಬಡ್ಡಿ ಬಡ್ಡಿಯೇ. ತಿಂಗಳಿಗೆ ಸಾವಿರದ ಐನೂರು ತಪ್ಪದೆ ಹೋಗಿ ಆ ಅಂಗಡಿಯ ಗಲ್ಲಾದೊಳಗೆ ಬೀಳುತ್ತಿತ್ತು. ಅಸಲು ಮಾತ್ರ ಇದ್ದಲ್ಲೇ ಇತ್ತು.

ಇನ್ನು ಡಬ್ಬಿ. ಅದು ಜೋಳದ ಚೀಲದ ತಳದಲ್ಲಿ ಹುಗಿದಿಟ್ಟ ಹಿತ್ತಾಳೆ ಡಬ್ಬಿ. ಫಕೀರವ್ವನ ಮದುವೆಯಲ್ಲಿ ತವರಿನವರು ಅವಳಿಗೆ ಬಂಗಾರದ ಗುಂಡುಗಳ ಬೋರಮಳ ಸರ ಹಾಕಿದ್ದರು. ಗಂಡ ಅಡಿವೆಪ್ಪ ಮೇವಿನ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಆ ಸರ ದವಾಖಾನೆಯ ಖರ್ಚಿಗೆ ಹೋಯಿತು. ಅಂದಿನಿಂದ ಮದುವೆ ಮುಂಜಿಗೆ ಹೋದರೆ ಫಕೀರವ್ವ ಸೆರಗನ್ನು ಕೊರಳ ಸುತ್ತ ಬಿಗಿಯಾಗಿ ಎಳೆದುಕೊಂಡು ಮೂಲೆಯಲ್ಲಿ ಕೂಡುವಳು. ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೂ ಎಲ್ಲರ ಕಣ್ಣು ತನ್ನ ಬರಿಗೊರಳ ಮೇಲೆಯೇ ಇದೆ ಎಂದು ಅವಳಿಗೆ ಅನಿಸುತ್ತಿತ್ತು. ಬೋರಮಳ ಮತ್ತೆ ಮಾಡಿಸಬೇಕೆಂದು ತಿಂಗಳಿಗೆ ಒಂದು ಸಾವಿರವಾದರೂ ಡಬ್ಬಿಗೆ ಹಾಕುತ್ತ ಬಂದಿದ್ದಳು. ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ ಆ ಹಣ ಈಗ ಐವತ್ತು ಸಾವಿರ ಮುಟ್ಟಿತ್ತು.

ಅಡಿವೆಪ್ಪ ಒಮ್ಮೊಮ್ಮೆ ಮೆಲ್ಲಗೆ ಮಾತು ತೆಗೆಯುತ್ತಿದ್ದ.

“ನೀ ಡಬ್ಬಿಗೆ ಸಾವಿರ ಹಾಕ್ತಿ, ಸಾವಕಾರ್ರಿಗೆ ಹದಿನೈದುನೂರು ಕೊಡ್ತಿ. ಇದ್ಯಾವ ಲೆಕ್ಕ? ಡಬ್ಬಿ ರೊಕ್ಕಾ ಕೊಟ್ಟು ಸಾಲ ಹರಕೊಂಡ್ರ ಆಗೂದಿಲ್ಲೇನು?”

“ಲೆಕ್ಕ ನಿಮಗ ತಿಳೀತೈತಿ. ಕೊರಳು ನಂದು” ಎನ್ನುವಳು ಫಕೀರವ್ವ.

ಅಡಿವೆಪ್ಪ ಎದ್ದು ಎಮ್ಮೆಗೆ ಮೇವು ಹಾಕಲು ಹೋಗುತ್ತಿದ್ದ. ಆ ಸರ ಹೋದದ್ದು ತನ್ನ ಸೊಂಟಕ್ಕಾಗಿ ಎಂಬುದನ್ನು ಅವನು ಒಂದು ದಿನವೂ ಮರೆತವನಲ್ಲ. ಪಾಪ, ಅವನದೂ ತಪ್ಪಲ್ಲ, ಅವಳದೂ ತಪ್ಪಲ್ಲ. ಕಷ್ಟಪಟ್ಟು ಕೂಡಿಟ್ಟ ಹಣವನ್ನು ಮುಟ್ಟುವುದೆಂದರೆ ಯಾರಿಗಾದರೂ ಕರುಳು ಚುರುಕ್ ಎನ್ನುತ್ತದೆ. ಬಡ್ಡಿ ದಿನವೂ ಕಣ್ಣಿಗೆ ಕಾಣುವುದಿಲ್ಲ, ಡಬ್ಬಿ ಕಾಣುತ್ತದೆ.

ಬೇಸಿಗೆ ಶುರುವಾದ ಒಂದು ಗುರುವಾರ ಫಕೀರವ್ವ ಎಂದಿನಂತೆ ಬಡ್ಡಿ ಕೊಡಲು ಹೋದಳು. ಅಂಗಡಿಯ ಹಿಂದೆಯೇ ಸಾವಕಾರರ ಮನೆ. ಅವರ ಹೆಂಡತಿ ಹೊರಗೆ ಬಂದು ಪ್ರೀತಿಯಿಂದ ಮಾತಾಡಿಸಿದಳು. “ಅರಾಮ ಅದಿಯೇನವ್ವಾ ಫಕೀರವ್ವ? ಬಾ, ಕೂಡು.” ಅವಳ ಕೊರಳಲ್ಲಿ ಹೊಚ್ಚ ಹೊಸ ಬೋರಮಳ. ಫಕೀರವ್ವ ಕೂಡಲಿಲ್ಲ. ಕೈಯಲ್ಲಿದ್ದ ಬಡ್ಡಿ ಹಣವನ್ನು ನೋಡಿದಳು, ಆ ಸರವನ್ನು ನೋಡಿದಳು. ತಾನು ಇಷ್ಟು ವರ್ಷ ಬೋರಮಳ ಮಾಡಿಸುತ್ತಲೇ ಇದ್ದೇನೆ, ಆದರೆ ಬೇರೆಯವರ ಕೊರಳಿಗೆ ಎಂಬುದು ಅವಳಿಗೆ ಆಗ ಹೊಳೆಯಿತು.

ಮನೆಗೆ ಬಂದವಳೇ ಜೋಳದ ಚೀಲಕ್ಕೆ ಕೈ ಹಾಕಿ ಡಬ್ಬಿ ಎಳೆದು ಗಂಡನ ಮುಂದೆ ಇಟ್ಟಳು.

“ಒಂದು ರೂಪಾಯಿ ಉಳಿಸಬ್ಯಾಡ್ರಿ. ಪೂರಾ ಒಯ್ದು ಅವರ ಮುಂದ ಸುರುವಿ ಬರೂಣು. ನನಗ ಬೋರಮಳಾನೂ ಬ್ಯಾಡ, ಏನೂ ಬ್ಯಾಡ.”

ಇಷ್ಟು ದಿನ ಡಬ್ಬಿಯ ಮುಚ್ಚಳವನ್ನೂ ಮುಟ್ಟಗೊಡದವಳು ಈಗ ತಳವನ್ನೂ ಕೆರೆದು ಕೊಡಲು ನಿಂತಿದ್ದಳು. ಸಿಟ್ಟು ಬಂದಾಗ ನಾವೆಲ್ಲ ಹೀಗೆಯೇ. ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರುತ್ತೇವೆ, ನಡುವೆ ನೆಲವಿದೆ ಎಂಬುದು ನೆನಪಾಗುವುದಿಲ್ಲ.

ಅಡಿವೆಪ್ಪನಿಗೆ ಖುಷಿಯಾಯಿತು. ಆದರೂ, “ನಾಳೆ ಶುಕ್ರವಾರ. ಲಕ್ಷ್ಮೀನ್ನ ಮನಿಯಿಂದ ಹೊರಗ ಕಳಿಸಬಾರ್ದು. ಶನಿವಾರ ಕೊಡೂಣು” ಅಂದ. ಫಕೀರವ್ವನೂ ಒಪ್ಪಿದಳು.

ಶುಕ್ರವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಒಬ್ಬರು ಮೋಟಾರ್ ಸೈಕಲ್ಲಿನಲ್ಲಿ ಬಂದರು. ಅವರ ಮನೆಯಲ್ಲಿ ಗೃಹಪ್ರವೇಶ, ಲೆಕ್ಕಕ್ಕಿಂತ ಜನ ಹೆಚ್ಚಾಗಿದ್ದಾರೆ, ಊಟಕ್ಕೆ ಮೊಸರು ಸಾಲದು. ಇದ್ದ ಗಡಿಗೆಗಳನ್ನೆಲ್ಲ ಕೊಂಡರು. “ಇನ್ನೂ ಇದ್ರ ಕೊಡವ್ವಾ, ಕೇಳಿದಷ್ಟು ಕೊಡ್ತೀನಿ” ಅಂದರು. ಫಕೀರವ್ವ ಅವರನ್ನು ಮನೆಗೇ ಕರೆದುಕೊಂಡು ಹೋದಳು. ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಹೆಪ್ಪಿಗೆಂದು ಎತ್ತಿಟ್ಟಿದ್ದ ಗಡಿಗೆಯೊಂದಿತ್ತು. ಕೈ ಒಂದು ಕ್ಷಣ ಹಿಂಜರಿಯಿತು. ಎರಡರಷ್ಟು ಬೆಲೆ ಸಿಗುವಾಗ ಹಿಂಜರಿದ ಕೈ ಎಷ್ಟು ಹೊತ್ತು ನಿಂತೀತು? ಅದನ್ನೂ ಕೊಟ್ಟುಬಿಟ್ಟಳು.

ಸಂಜೆ ಎಮ್ಮೆ ಕರೆದಳು. ಹಾಲು ಕಾಸಿದಳು, ಗಡಿಗೆಗಳಿಗೆ ಹಾಕಿದಳು, ಉಗುರುಬೆಚ್ಚಗೆ ಆರುವ ತನಕ ಕಾದಳು. ಹೆಪ್ಪು ಹಾಕಲು ಕೈ ಚಾಚಿದಾಗ ಗೂಡಿನಲ್ಲಿ ಏನೂ ಇರಲಿಲ್ಲ.

ತಟ್ಟೆಯಲ್ಲಿ ಒಂದು ಬಟ್ಟಲು ಇಟ್ಟುಕೊಂಡು ಪಕ್ಕದ ಮನೆಯ ಕಲ್ಲವ್ವನ ಬಾಗಿಲಿಗೆ ಹೋದಳು. ಅಷ್ಟು ಹೊತ್ತಿಗೆ ಕಲ್ಲವ್ವ ದೇವರ ಮುಂದೆ ದೀಪ ಹಚ್ಚಿ ಆಗಿತ್ತು. ದೀಪ ಹಚ್ಚಿದ ಮೇಲೆ ಮನೆಯಿಂದ ಮೊಸರು, ಮಜ್ಜಿಗೆ, ಹೆಪ್ಪು ಹೊರಗೆ ಕೊಡುವುದು ಆ ಓಣಿಯಲ್ಲಿ ಇಲ್ಲ. ಅದರಲ್ಲೂ ಶುಕ್ರವಾರ ಕೇಳುವುದೇ ಬೇಡ.

“ಯಕ್ಕಾ, ತಪ್ಪು ತಿಳೀಬ್ಯಾಡ” ಎಂದಳು ಕಲ್ಲವ್ವ, ದನಿ ತಗ್ಗಿಸಿ. “ಹಿಟ್ಟು ಕೇಳು, ಎಣ್ಣಿ ಕೇಳು, ಇಲ್ಲ ಅನ್ನೂದಿಲ್ಲ. ಈ ಹೊತ್ತಿನ್ಯಾಗ ಹೆಪ್ಪು ಹೆಂಗ ಕೊಡ್ಲಿ? ಒಳಗ ಅತ್ತಿ ಕುಂತಾಳ. ಬೆಳಿಗ್ಗೆ ಬಾ, ಗಡಿಗಿಗೆ ಗಡಿಗೀನ ಕೊಡ್ತೀನಿ.”

ಫಕೀರವ್ವನಿಗೆ ಸಿಟ್ಟು ಬರಲಿಲ್ಲ. ತಾನೂ ಎಷ್ಟು ಸಲ ಇದೇ ಮಾತು ಹೇಳಿ ಯಾರು ಯಾರನ್ನೋ ವಾಪಸ್ ಕಳಿಸಿದ್ದಳು. ಮತ್ತೆರಡು ಮನೆ ಕೇಳಿದಳು, ಅಲ್ಲೂ ದೀಪ ಉರಿಯುತ್ತಿತ್ತು. ಪ್ಯಾಕೆಟ್ ಮೊಸರಾದರೂ ಸಿಕ್ಕೀತೆಂದು ಅಡಿವೆಪ್ಪ ಕುಂಟುತ್ತ ಅಂಗಡಿಗೆ ಹೋದ. ಗೃಹಪ್ರವೇಶದವರು ಅದನ್ನೂ ಬಿಟ್ಟಿರಲಿಲ್ಲ. ಕೊನೆಗೆ ಒಣಮೆಣಸಿನಕಾಯಿ ತೊಟ್ಟು ಹಾಕಿದಳು, ಒಂದೆರಡರಲ್ಲಿ ನಿಂಬೆ ಹುಳಿ ಹಿಂಡಿ ನೋಡಿದಳು. ಬೆಳಿಗ್ಗೆ ಮುಚ್ಚಳ ತೆಗೆದರೆ ಕೆಲವು ಗಡಿಗೆಗಳಲ್ಲಿ ಒಡೆದ ಹಾಲು, ಕೆಲವುಗಳಲ್ಲಿ ಲೋಳೆ ಲೋಳೆಯಾದ ನೀರು. ಬಸ್ ಸ್ಟ್ಯಾಂಡಿನಲ್ಲಿ ಕೂತು ಮಾರುವಂಥದ್ದು ಒಂದೂ ಇರಲಿಲ್ಲ. ಎಲ್ಲವನ್ನೂ ಎಮ್ಮೆ ನೀರು ಕುಡಿಯುವ ಬಾನಿಗೆ ಸುರಿದಳು.

ಸುರಿದು ಅಲ್ಲೇ ಕೂತಳು. ಅಡಿವೆಪ್ಪ ಹೊಸ ಅಂಗಿ ತೊಟ್ಟು ಡಬ್ಬಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ತಯಾರಾಗಿ ನಿಂತಿದ್ದ.

“ಏಳು, ಹೋಗೂಣು. ಹಾಲಿನ ಚಿಂತಿ ಬಿಡು, ಇವತ್ತ ಸಾಲ ತೀರತೈತಿ.”

“ನಿಂದರ್ರಿ” ಎಂದಳು ಫಕೀರವ್ವ. “ನಿನ್ನೆ ನನ್ನ ಕಡೆ ಎಮ್ಮಿ ಇತ್ತು, ಹಾಲಿತ್ತು, ಗಡಿಗಿ ಇದ್ದುವು. ಒಂದು ಚಮಚಾ ಮೊಸರು ಇರಲಿಲ್ಲ, ಎಲ್ಲಾ ಹಾಳಾತು. ಡಬ್ಬಿ ಪೂರಾ ಖಾಲಿ ಮಾಡಿದ ಮ್ಯಾಲ ಏನರೆ ಕಷ್ಟ ಬಂತಂದ್ರ ಎಲ್ಲಿಗೆ ಹೋಗೂದು?”

“ಸಾವಕಾರ್ರು ಅದಾರಲ್ಲ.”

“ಅದನ್ನ ನಾನು ಹೇಳಾಕತ್ತೀನಿ. ಮತ್ತ ಅಲ್ಲಿಗೇ ಹೋಗಬೇಕು. ಆವಾಗ ಅವರು ಎಷ್ಟು ಬಡ್ಡಿ ಕೇಳ್ತಾರೋ, ಕೊಡ್ತಾರೋ ಇಲ್ಲೋ. ಅವರ ಮನ್ಯಾಗೂ ದೀಪಾ ಹಚ್ಚಿರ್ತಾರ.”

ಅಡಿವೆಪ್ಪ ಯೋಚಿಸಿದ. “ಸಾಲ ಉಳಿಸಿಕೊಂಡ್ರ ಬಡ್ಡೀನೂ ಉಳೀತೈತಿ.”

“ಉಳೀಲಿ. ಡಬ್ಬ್ಯಾಗ ಹತ್ತು ಸಾವಿರ ಇರಲಿ, ಅದರ ಬಡ್ಡಿ ಮುನ್ನೂರು. ಅಷ್ಟು ಕೊಟ್ಟು ನಾ ನಿಶ್ಚಿಂತಿಯಿಂದ ಮಲಗ್ತೀನಿ. ಉಳಿದ ನಾಲ್ವತ್ತು ಇವತ್ತ ಕೊಡೂಣು.”

ಹಾಗೆ ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂತು. ಬೋರಮಳ ಇನ್ನು ಎಷ್ಟೋ ವರ್ಷ ದೂರ ಹೋಯಿತು ಎಂಬುದು ಅವಳಿಗೆ ಗೊತ್ತಿತ್ತು. ಅತ್ತಳು, ಮುಖ ತೊಳೆದುಕೊಂಡಳು, ಗಂಡನ ಜೊತೆ ಹೊರಟಳು.

ರಾಚಪ್ಪ ಸಾವಕಾರರು ನಲವತ್ತು ಸಾವಿರ ಎಣಿಸಿ ಗಲ್ಲಾದಲ್ಲಿಟ್ಟು, “ಇಷ್ಟು ಕೊಟ್ಟಾಕಿ ಇನ್ನ ಹತ್ತು ಯಾಕ ಉಳಿಸಿದಿ? ಚುಕ್ತಾ ಮಾಡಿಬಿಡು. ಮುಂದ ಬೇಕಾದ್ರ ನಾ ಇದ್ದೇ ಇದೀನಲ್ಲ” ಅಂದರು. ಅವರು ಪ್ರೀತಿಯಿಂದಲೇ ಹೇಳಿದ್ದು.

“ನೀವು ಬೇಕಾಗಬಾರ್ದು ಅಂತನ ಉಳಿಸೀನ್ರಿ” ಎಂದಳು ಫಕೀರವ್ವ. ಸಾವಕಾರರಿಗೆ ನಗು ಬಂತು. ಅಂಥ ಮಾತನ್ನು ಅವರ ಮುಂದೆ ಯಾರೂ ಆಡಿರಲಿಲ್ಲ.

ಅಂದಿನಿಂದ ಬಡ್ಡಿಯಲ್ಲಿ ಉಳಿದ ಹಣ ತಿಂಗಳು ತಿಂಗಳು ಅಸಲಿಗೆ ಹೋಗತೊಡಗಿತು. ಡಬ್ಬಿ ಮತ್ತೆ ಜೋಳದ ಚೀಲ ಸೇರಿತು, ಆದರೆ ಹಗುರವಾಗಿ.

ಮಳೆಗಾಲ ಬಂತು. ಒಂದು ಬೆಳಿಗ್ಗೆ ಎಮ್ಮೆ ಕಾಲು ಝಾಡಿಸಿತು, ಹತ್ತಿರ ಬರಗೊಡಲಿಲ್ಲ. ಕೆಚ್ಚಲು ಬಾತು ಕಲ್ಲಿನಷ್ಟು ಗಟ್ಟಿಯಾಗಿತ್ತು, ಮುಟ್ಟಿದರೆ ಸುಡುತ್ತಿತ್ತು. ಕರೆದ ಎರಡು ಹನಿಯಲ್ಲಿ ರಕ್ತ. ಕೆಚ್ಚಲು ಬಾವು. ತಡಮಾಡಿದರೆ ಮೊಲೆ ಹೋಗುತ್ತದೆ, ಮೊಲೆ ಹೋದರೆ ಎಮ್ಮೆ ಹೋದಂತೆ, ಎಮ್ಮೆ ಹೋದರೆ ಒಲೆಯ ಮೇಲೆ ಇಡಲು ಏನೂ ಇಲ್ಲ.

ಅಡಿವೆಪ್ಪ ಎದ್ದ. ಹೆಗಲಿಗೆ ಟವೆಲ್ ಹಾಕಿದ, ಚಪ್ಪಲಿ ಮೆಟ್ಟಿದ, ಮಳೆಯಲ್ಲೇ ಅಂಗಳಕ್ಕೆ ಇಳಿದ.

“ಎಲ್ಲಿಗೆ ಹೊಂಟ್ರಿ?” ಎಂದಳು ಫಕೀರವ್ವ.

“ಮತ್ತೆಲ್ಲಿಗೆ? ಸಾವಕಾರ್ರ ಕಡೆ.”

ಅವನ ಕಾಲಿಗೆ ಗೊತ್ತಿದ್ದ ದಾರಿ ಅದೊಂದೇ. ಎಮ್ಮೆ ಸತ್ತಾಗ, ಮನೆ ಸೋರಿದಾಗ, ಪ್ರತಿ ಸಲವೂ ಅದೇ ಬಾಗಿಲು. ಫಕೀರವ್ವ ಆಗಲೇ ಜೋಳದ ಚೀಲದೊಳಗೆ ಮೊಣಕೈ ತನಕ ಕೈ ಹಾಕಿದ್ದಳು. ಹಣ ತಂದು ಅವನ ಅಂಗಿಯ ಜೇಬಿಗೆ ತುರುಕಿದಳು.

“ಅಲ್ಲಿಗಲ್ಲ. ದನದ ದವಾಖಾನಿಗೆ ಹೋಗ್ರಿ. ಡಾಕ್ಟ್ರನ್ನ ಸಂಗಾಟ ಕರಕೊಂಡ ಬರ್ರಿ.”

ಅಡಿವೆಪ್ಪ ಜೇಬಿನ ಮೇಲೆ ಕೈ ಇಟ್ಟುಕೊಂಡು ಮಳೆಯಲ್ಲಿ ನಿಂತ. “ಯಾರ ಮುಂದೂ ಕೈ ಕಟ್ಟಿ ನಿಂದರಂಗಿಲ್ಲ ಅಂತಿಯೇನು?” ಎಂದು ಕೇಳಿದ.

“ನಿಂದರಂಗಿಲ್ಲ. ಲಗೂನ ಹೋಗ್ರಿ.”

ಡಾಕ್ಟರು ಬಂದರು. ಸೂಜಿ, ಔಷಧಿ, ಹಾಲಿಲ್ಲದ ಅಷ್ಟು ದಿನದ ಊಟ, ಎಲ್ಲವೂ ಆ ಡಬ್ಬಿಯಿಂದಲೇ ನಡೆಯಿತು. ಎಮ್ಮೆ ಉಳಿಯಿತು, ನಾಲ್ಕು ಮೊಲೆಗಳೂ ಉಳಿದವು. ಫಕೀರವ್ವ ಮೊದಲು ಡಬ್ಬಿಯಲ್ಲಿ ಕಡಿಮೆಯಾದಷ್ಟನ್ನು ಮತ್ತೆ ತುಂಬಿಸಿದಳು. ಆಮೇಲೆ ಮಿಕ್ಕ ಸಾಲಕ್ಕೆ ಕೈ ಹಾಕಿದಳು. ಮರುವರ್ಷ ಅದೂ ತೀರಿತು.

ಸಾಲ ತೀರಿದ ದಿನ ಅಡಿವೆಪ್ಪ ಅಷ್ಟೇನೂ ಕುಣಿದಾಡಲಿಲ್ಲ. ಯಾಕೆಂದು ಓಣಿಯವರು ಕೇಳಿದರೆ ಸುಮ್ಮನೆ ನಕ್ಕ. ಅವನ ಮಟ್ಟಿಗೆ ಸಾಲ ತೀರಿದ್ದು ಆವತ್ತಲ್ಲ. ಸಾವಕಾರರ ಮನೆಯ ಕಡೆ ಹೊರಟಿದ್ದ ಕಾಲು ಮಳೆಯಲ್ಲಿ ದವಾಖಾನೆಯ ಕಡೆ ತಿರುಗಿತಲ್ಲ, ಆವತ್ತೇ ತೀರಿತ್ತು.

ನೀತಿ: ಮನೆಯಲ್ಲಿ ಹಣ ಕೂಡಿಟ್ಟುಕೊಂಡು ಹೊರಗೆ ಬಡ್ಡಿ ಕಟ್ಟುತ್ತ ಕೂಡಬೇಡಿ, ಆ ಉಳಿತಾಯ ನಿಮ್ಮದಲ್ಲ, ಸಾಲ ಕೊಟ್ಟವನದು. ಕೂಡಿಟ್ಟದ್ದರಿಂದ ಸಾಲವನ್ನು ಆದಷ್ಟು ಬೇಗ ಇಳಿಸಿ. ಆದರೆ ಸಾಲದ ಮೇಲಿನ ಸಿಟ್ಟಿಗೆ ಕೈಯನ್ನು ಪೂರ್ತಿ ಬರಿದು ಮಾಡಿಕೊಳ್ಳಬೇಡಿ. ಆಪತ್ತಿಗೆಂದು ಇಷ್ಟು ಎತ್ತಿಟ್ಟವನು ಮಾತ್ರ ಒಮ್ಮೆ ತೀರಿಸಿದ ಸಾಲಕ್ಕೆ ಮತ್ತೆ ಕೈ ಚಾಚುವುದಿಲ್ಲ.