ಮಸಿ ಕಾಣದ ಓಲೆಗಳು

ಹುಲಿಗೊಂಡಿಯ ಅರಸ ಸರ್ಜಪ್ಪನಾಯಕನಿಗೆ ತನ್ನ ಗ್ರಂಥಭಂಡಾರದ ಮೇಲೆ ಎಲ್ಲಿಲ್ಲದ ಹೆಮ್ಮೆ. ಅತಿಥಿಗಳು ಯಾರೇ ಬರಲಿ, ಊಟಕ್ಕೆ ಮೊದಲು ಭಂಡಾರದ ದರ್ಶನ ಆಗಲೇಬೇಕು. ಪಟ್ಟದ ಕುದುರೆಯ ಜಾತಕ, ಕುಂಬಳಕಾಯಿಯನ್ನು ಹೊಗಳಿದ ಏಳುನೂರು ಪದ್ಯ, ಸೀನಿನ ಶಕುನಗಳ ಹನ್ನೆರಡು ಕಟ್ಟು, ಎಲ್ಲ ಅಲ್ಲಿದ್ದವು.

ಒಮ್ಮೆ ನೆರೆರಾಜ್ಯದ ದೂತನೊಬ್ಬ ಹಸಿದ ಹೊಟ್ಟೆಯಲ್ಲಿ ಅಷ್ಟನ್ನೂ ನೋಡಿ ಆಕಳಿಸಿದ. ತಮ್ಮ ಅರಮನೆಯಲ್ಲಿ ಇದುವರೆಗೆ ಯಾರೂ ಓದದ ಪುಸ್ತಕವೇ ಇದೆ ಎಂದ. ಅರಸನಿಗೆ ಅಂದು ತುತ್ತು ಇಳಿಯಲಿಲ್ಲ. ಭಂಡಾರ ನೋಡಿಕೊಳ್ಳುವ ಚಂದಯ್ಯನನ್ನು ಕರೆಸಿದ.

"ಅಂಥದ್ದು ನಮ್ಮಲ್ಲೂ ಬೇಕು. ನಾಳೆ ಸಭೆಗೆ ತಾ. ತರದಿದ್ದರೆ ನೀನು ಮನೆಗೆ ನಡಿ, ಭಂಡಾರದಲ್ಲಿ ಉಪ್ಪಿನಕಾಯಿ ಜಾಡಿ ಇಡಿಸುತ್ತೇನೆ."

ಬರೆದವನಾದರೂ ಓದಿರುತ್ತಾನಲ್ಲ, ಎಲ್ಲಿಂದ ತರುತ್ತೀಯ ಎಂದು ಮಂತ್ರಿ ಸಂಗಪ್ಪ ಕಿಸಕ್ಕನೆ ನಕ್ಕ. ಚಂದಯ್ಯ ಭಂಡಾರಕ್ಕೆ ಹೋಗಿ ಕಟ್ಟುಗಳನ್ನು ತಡಕತೊಡಗಿದ. ಮೂವತ್ತು ವರ್ಷ ಗೆದ್ದಲಿನಿಂದ ಕಾಪಾಡಿದ ತಾಳೆಯೋಲೆಗಳನ್ನು ಮಾವಿನ ಮಿಡಿಗೆ ಬಿಟ್ಟುಕೊಡುವುದೇ?

ಮರುದಿನ ಸಭೆಯಲ್ಲಿ ಅವನು ರೇಷ್ಮೆ ಸುತ್ತಿದ ಕಟ್ಟೊಂದನ್ನು ಮುಂದಿಟ್ಟ. ಅರಸ ರೇಷ್ಮೆ ಬಿಚ್ಚಿ ಮೇಲಿನ ಹಲಗೆಯ ಮುದ್ರೆ ನೋಡಿದರೆ, ತನ್ನ ಶೌರ್ಯದ ಮೇಲೆ ತಾನೇ ಕೈಯಾರೆ ಬರೆದ ಸಾವಿರದಿನ್ನೂರು ಪದ್ಯ! ಹೋದ ವರ್ಷ ಅದನ್ನು ಭಂಡಾರಕ್ಕೆ ಕೊಟ್ಟಿದ್ದ. ಆಸ್ಥಾನದವರೆಲ್ಲ ಸರದಿಯ ಮೇಲೆ ಮನೆಗೆ ಒಯ್ದು, ಕಣ್ಣೊರೆಸಿಕೊಳ್ಳುತ್ತ ಹೊಗಳಿ ಹಿಂದಿರುಗಿಸಿದ್ದರು.

ಅರಸನ ಮೀಸೆ ನಿಮಿರಿತು. ಇದನ್ನು ಓದದವರು ಇಲ್ಲಿ ಯಾರಿದ್ದಾರೆ ಎಂದು ಗುಡುಗಿದ. ತಾನಂತೂ ಎರಡು ಸಲ ಓದಿದ್ದೇನೆ ಎಂದ ಸಂಗಪ್ಪ. ಉಳಿದವರೂ ತಲೆಯಾಡಿಸಿದರು.

"ಓಲೆ ನೋಡಿ ಬುದ್ಧಿ," ಎಂದ ಚಂದಯ್ಯ. "ಉಕ್ಕಿನ ಕಂಟದಿಂದ ಕೊರೆದ ಅಕ್ಷರ ಮಸಿ ಸವರಿದರೆ ತಾನೇ ಓದಲು ಬರುವುದು? ಇದಕ್ಕೆ ಇನ್ನೂ ಯಾರೂ ಮಸಿ ಹಚ್ಚಿಲ್ಲ."

ಅರಸ ಒಂದೊಂದೇ ಓಲೆ ತಿರುವಿದ. ಕೊನೆಯವರೆಗೂ ಎಲ್ಲ ಬಿಳಿಚಿಕೊಂಡಿದ್ದವು. ಸಂಗಪ್ಪ ಮೇಲೆ ನೋಡುತ್ತ ಮಾಡಿನ ತೊಲೆ ಎಣಿಸತೊಡಗಿದ.

"ಹಾಗಾದರೆ ಬರೆದ ನಾನು? ನಾನೂ ಓದಿಲ್ಲವೇ?"

"ಓದಿದ್ದರೆ ಭಂಡಾರಕ್ಕೆ ಕೊಡುತ್ತಿರಲಿಲ್ಲ ಬುದ್ಧಿ."

ಅರಸ ಮಸಿ ತರಿಸಿ, ಮೊದಲ ಓಲೆಗೆ ತಾನೇ ಸವರಿ ಓದತೊಡಗಿದ. ಎರಡನೇ ಪದ್ಯಕ್ಕೆ ಕೆಮ್ಮಿದ. ನಾಲ್ಕನೆಯದಕ್ಕೆ ಹೊಟ್ಟೆ ಹಿಡಿದುಕೊಂಡು, ಪೇಟ ಜಾರಿ ಬೀಳುವಷ್ಟು ನಕ್ಕ. ಕೈಯ ಚಿನ್ನದ ಕಡಗ ಬಿಚ್ಚಿ ಚಂದಯ್ಯನಿಗೆ ತೊಡಿಸಿದ.

"ಬದುಕಿರುವವರೆಗೂ ಭಂಡಾರ ನಿನ್ನದೇ," ಎಂದ. "ಮಸಿ ಬಟ್ಟಲು ಮಾತ್ರ ನನ್ನ ಹತ್ತಿರವೇ ಇರಲಿ."