ಚುಕ್ಕನ ಕಲಿಕೆಗೆ ಒಂದು ಹಿಡಿ ಕಾಳು

ಹಿತ್ತಿಲ ಪ್ರಾಣಿಗಳೆಲ್ಲ ಸೇರಿ ಚುಕ್ಕನೆಂಬ ಎಳೆಯ ನಾಯಿಯನ್ನು ಕಾವಲಿಗೆ ಇಟ್ಟುಕೊಂಡವು. ಅವನು ಒಂದು ತಿಂಗಳು ಕುರಿಹಟ್ಟಿಯ ಹಿರಿಯ ನಾಯಿಗಳ ಬಳಿ ಕಲಿತು ಬರಲಿ, ಖರ್ಚಿಗೆ ಎಲ್ಲರೂ ಒಂದೊಂದು ಹಿಡಿ ಕಾಳು ಕೊಡಿ ಎಂದು ಮುದಿ ಎತ್ತು ಕೇಳಿತು.

"ಬೊಗಳುವುದಕ್ಕೂ ಪಾಠವೇ, ಎತ್ತಣ್ಣ?" ಎಂದಿತು ಕೋಳಿ. "ನನ್ನ ಮಕ್ಕಳು ಕೆದಕುವುದನ್ನು ಯಾವ ಶಾಲೆಯಲ್ಲಿ ಕಲಿತವು?"

"ಬೊಗಳುವುದು ಹುಟ್ಟಿನಿಂದ ಬರುತ್ತದೆ, ತಾಯಿ. ಯಾರನ್ನು ಕಚ್ಚಬಾರದು ಎನ್ನುವುದು ಬರುವುದಿಲ್ಲ. ಅಗ್ಗದ ಲಾಳ ಹೊಡೆಸಿಕೊಂಡವನು ನಾನು. ಅದು ಕಾಲನ್ನೇ ತಿನ್ನುತ್ತದೆ."

ಕೋಳಿ ಕೊಡಲಿಲ್ಲ. ಅದನ್ನು ನೋಡಿ ಉಳಿದವರೂ ಕೊಡಲಿಲ್ಲ.

ಮರುದಿನ ಕೋಳಿಯ ಕಿರಿಯ ಮರಿ ಎಂದಿನಂತೆ ಬೇಲಿ ನುಸುಳಿ ಮನೆಗೆ ಬಂತು. ಚುಕ್ಕ ಹಾರಿ ಅದನ್ನು ಬಾಯಲ್ಲಿ ಹಿಡಿದ. ಎತ್ತು ಗದರಿದ ಮೇಲೆಯೇ ಬಿಟ್ಟದ್ದು. ಮರಿಯ ಜೀವ ಉಳಿಯಿತು, ಕಾಲು ಕುಂಟಾಯಿತು.

"ಬೇಲಿ ನುಸುಳುವವನು ಕಳ್ಳ ಅಂದಿದ್ದಿರಿ," ಎಂದು ಚುಕ್ಕ ಕಿವಿ ಇಳಿಬಿಟ್ಟ. "ಬೇರೇನೂ ನನಗೆ ಹೇಳಿಕೊಡಲಿಲ್ಲವಲ್ಲ."

ಕುಕ್ಕಲು ಬಂದ ಕೋಳಿ ಆ ಮುಖ ನೋಡಿ ನಿಂತುಬಿಟ್ಟಿತು. ಸಂಜೆ ಎಲ್ಲರಿಗಿಂತ ಮೊದಲು ಕಾಳು ತಂದು ಸುರಿದದ್ದು ಅದೇ.

ತಿಂಗಳು ಕಳೆದು ಚುಕ್ಕ ಮರಳಿದ. ಕುಂಟುಮರಿ ಮತ್ತೆ ಬೇಲಿ ನುಸುಳಿತು. ಚುಕ್ಕ ಮೂಸಿ ನೋಡಿ, ಸರಿದು ದಾರಿ ಬಿಟ್ಟ. ಅದರ ಬೆನ್ನಿಗೇ ಬಂದ ಮುಂಗುಸಿಯನ್ನು ಮುಂಗಾಲಿನಲ್ಲಿ ಅದುಮಿ, ಹಲ್ಲು ತಾಗಿಸದೆ, ಎತ್ತನ್ನು ಕೂಗಿದ.

"ಮುಂದಿನ ವರ್ಷವೂ ಕಳಿಸೋಣವೇ?" ಎಂದು ಎತ್ತು ಕೇಳಿತು.

ಕೋಳಿ ತಿರುಗಿ ನೋಡಿತು. ಮರಿ ಚುಕ್ಕನ ಹೊಟ್ಟೆಗೆ ಒರಗಿ ನಿದ್ದೆ ಹೋಗಿತ್ತು.

"ಕೇಳುವುದೇನು, ಎತ್ತಣ್ಣ? ನನ್ನ ಪಾಲು ಈಗಲೇ ತೆಗೆದಿಡು."