ಬಾಳವ್ವನ ನಿದ್ದೆ ಮತ್ತು ಮಠದ ಜೀಪು

ನದಿಯ ದಂಡೆಯಲ್ಲಿ ಒಂದು ಸಣ್ಣ ಮಠ. ಮಠಕ್ಕೊಂದು ಹಳೆಯ ಜೀಪು. ಅದನ್ನು ಓಡಿಸುವವನು ಶಿಷ್ಯ ಅಡವೆಯ್ಯ.

ಪ್ರತಿ ಅಮಾವಾಸ್ಯೆಗೆ ಭಕ್ತರೊಬ್ಬರು ತಮ್ಮ ಬಂಕಿನಲ್ಲಿ ಜೀಪಿನ ಟ್ಯಾಂಕು ತುಂಬಿಸಿ ಕೈಮುಗಿಯುತ್ತಿದ್ದರು. ಮುಂದಿನ ಅಮಾವಾಸ್ಯೆಯವರೆಗೆ ಅಷ್ಟರಲ್ಲೇ ಸಾಗಬೇಕು.

ಮಠದಲ್ಲಿ ರೊಟ್ಟಿ ಬಡಿಯುವ ಬಾಳವ್ವನ ಮೂತ್ರಪಿಂಡಗಳು ಸೋತಿದ್ದವು. ವಾರಕ್ಕೆರಡು ಸಲ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ತಾಯಿಯಿಲ್ಲದ ಅಡವೆಯ್ಯನಿಗೆ ತುತ್ತು ಕೊಟ್ಟು ಬೆಳೆಸಿದವಳು ಅವಳೇ.

ಒಂದು ತಿಂಗಳು ಅಮಾವಾಸ್ಯೆಗೆ ಮೊದಲೇ ಡೀಸೆಲ್ ತೀರಿ ಜೀಪು ನಡುದಾರಿಯಲ್ಲಿ ನಿಂತಿತು. ಯಾರದೋ ಟ್ರ್ಯಾಕ್ಟರ್ ಹತ್ತಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಾಳವ್ವನ ಸರದಿ ಹೋಗಿತ್ತು. ಮತ್ತೆ ಸರದಿ ಸಿಗುವವರೆಗೂ ಅವಳು ಗೋಡೆಗೊರಗಿ ಕುಳಿತೇ ಏದುಸಿರು ಬಿಡುತ್ತಿದ್ದಳು.

ಅಡವೆಯ್ಯ ಮಠದ ಗುರುಗಳಾದ ಅಜ್ಜಾರ ಮುಂದೆ ನಿಂತ.

“ಅಜ್ಜಾರ, ಇಂಜಿನ್ ಮುದುಕಾಗೈತಿ. ಡೀಸೆಲ್ ಭಾಳ ಕುಡಿತೈತಿ. ಭಕ್ತರಿಗೆ ಇನ್ನಷ್ಟು ಹಾಕಾಕ ಹೇಳ್ರಿ.”

“ಹೇಳಿದ್ರ ಹಾಕ್ತಾರ. ನೀ ಅದನ್ನೂ ಸುಡ್ತಿ.”

“ನಾ ಏನ್ ಮಾಡೀನ್ರಿ?”

ಟ್ಯಾಂಕು ತುಂಬಿದ ಮರುದಿನ ಅಜ್ಜಾರು ತಾವೂ ಬಂದು ಜೀಪಿನಲ್ಲಿ ಬಾಳವ್ವನ ಪಕ್ಕ ಕುಳಿತರು.

ಹೋಗುವಾಗ ಅಡವೆಯ್ಯ ಎಂದಿನಂತೆಯೇ ಓಡಿಸಿದ. ಜಿಗಿದು ಹೊರಡುವುದು, ಹಂಪ್ ಹತ್ತಿರ ಬಂದ ಮೇಲೆ ಗಕ್ಕನೆ ಬ್ರೇಕು, ಮತ್ತೆ ಜಿಗಿತ. ಅಜ್ಜಾರ ತಲೆ ಮೇಲಿನ ಸರಳಿಗೆ ಬಡಿಯಿತು. ಅವರು ತಲೆ ಸವರಿಕೊಂಡರು, ಅಷ್ಟೇ.

ಬರುವಾಗ ಸುಸ್ತಾಗಿದ್ದ ಬಾಳವ್ವ ಅಜ್ಜಾರ ಭುಜಕ್ಕೊರಗಿ ನಿದ್ದೆ ಹೋದಳು.

“ಅಡವ್ಯಾ, ಈಕಿ ಏಳಬಾರದು. ಹಂಗ ಹೊಡಿ.”

ಅಡವೆಯ್ಯ ಆಕ್ಸಿಲರೇಟರ್ ಮೇಲೆ ಕಾಲನ್ನು ಮೆಲ್ಲಗೆ ಊರಿದ. ಹಂಪ್ ದೂರದಲ್ಲಿ ಕಂಡೊಡನೆ ಕಾಲು ಸಡಿಲಿಸಿದ. ಜೀಪು ತಾನೇ ನಿಧಾನವಾಯಿತು. ಮುಂದೆ ಎಮ್ಮೆಗಳು ರಸ್ತೆ ದಾಟುತ್ತಿದ್ದವು. ಅವನು ಹತ್ತಿರ ಬರುವಷ್ಟರಲ್ಲಿ ಅವು ದಾಟಿಯಾಗಿತ್ತು. ರಸ್ತೆ ಚೆನ್ನಾಗಿದ್ದಲ್ಲಿ ಮೇಲಿನ ಗೇರಿನಲ್ಲಿ ಒಂದೇ ಹದದಲ್ಲಿ ಬಿಟ್ಟ. ಇಂಜಿನ್ ಒಮ್ಮೆಯೂ ಕಿರುಚಲಿಲ್ಲ.

ಹಿಂದಿನಿಂದ ಬಂದ ಟೆಂಪೊದವನು ತಲೆ ಹೊರಹಾಕಿದ. “ಏನ್ ಸ್ವಾಮ್ಯಾರ, ಎತ್ತು ಹೂಡೀರೇನು?”

ಅಡವೆಯ್ಯನ ಕಿವಿ ಕೆಂಪಾಯಿತು. ಕಾಲು ಮಾತ್ರ ಅಲುಗಲಿಲ್ಲ.

ಮಠ ತಲುಪಿ ಅವನು ಡೀಸೆಲ್ ಮುಳ್ಳನ್ನು ಬಗ್ಗಿ ನೋಡಿದ. ಮತ್ತೊಮ್ಮೆ ನೋಡಿದ.

“ಅಜ್ಜಾರ, ಹೋಗೋಮುಂದ ಇಳದಷ್ಟು ಬರೋಮುಂದ ಇಳದಿಲ್ಲ. ಮುಳ್ಳು ಕೆಟ್ಟೈತೇನ್ರಿ?”

“ಮುಳ್ಳು ಕೆಟ್ಟಿಲ್ಲ,” ಎಂದು ಅಜ್ಜಾರು ಕಾಲು ತೊಳೆಯಲು ಹೋದರು.

ಮರುದಿನ ಅಡವೆಯ್ಯ ಮೆತ್ತಗಾಗಿದ್ದ ಗಾಲಿಗಳಿಗೆಲ್ಲ ಗಾಳಿ ತುಂಬಿದ. ಇಳಿಸಲು ಬೇಸರವೆಂದು ಜೀಪಿನ ಹಿಂಭಾಗದಲ್ಲೇ ಬಿಟ್ಟಿದ್ದ ದಾಸೋಹದ ಕೊಪ್ಪರಿಗೆಯನ್ನು ಉರುಳಿಸಿ ಕೆಳಗಿಳಿಸಿದ.

“ಅಯ್ಯ, ಇಷ್ಟು ದಿನ ಇದಕ್ಕ ಪ್ಯಾಟಿ ತೋರಿಸ್ಕೊಂಡು ಬರ್ತಿದ್ದೇನೋ?” ಎಂದು ಬಾಳವ್ವ ನಕ್ಕಳು. ಬಹಳ ದಿನಗಳ ನಂತರ ನಕ್ಕಿದ್ದಳು.

ಒಂದು ದಿನ ಜೋಳ ತರಲು ಅಡವೆಯ್ಯ ಒಬ್ಬನೇ ಹೊರಟ. ಖಾಸಗಿ ಬಸ್ಸೊಂದು ಹಾರನ್ ಬಡಿಯುತ್ತ, ಧೂಳು ಎರಚಿ ಮುಂದೆ ಹೋಯಿತು. ಕಿಟಕಿಯಲ್ಲಿ ಕ್ಲೀನರ್ ಹಲ್ಲು ಕಿರಿದ. ಅಡವೆಯ್ಯನ ಕಾಲು ತಾನಾಗಿ ಕೆಳಗಿಳಿಯಿತು. ಮುಂದಿನ ಊರು ಬರುವ ಮೊದಲೇ ಬಸ್ಸು ಅವನ ಹಿಂದಿತ್ತು.

ಆಮೇಲೆ ಮುಳ್ಳು ನೋಡಿದ. ಅಮಾವಾಸ್ಯೆ ಇನ್ನೂ ದೂರವಿತ್ತು.

“ತಪ್ಪಾತ್ರಿ, ಅಜ್ಜಾರ. ಬಸ್ಸಿನವ ಕೆಣಕಿದ. ಗಾಡಿ ಹೆಂಗೂ ಖಾಲಿ ಇತ್ತಲ್ಲಾ ಅಂತ...”

“ಖಾಲಿ ಇರಲಿಲ್ಲೋ. ಅಮಾಸಿ ಹಿಂದಿನ ದಿನದ ಬಾಳವ್ವ ಅದರಾಗ ಕುಂತಿದ್ಲು.”

ಅಂದು ಬಾಳವ್ವ ಬಡಿಸಿದ ರೊಟ್ಟಿಯನ್ನು ಅಡವೆಯ್ಯ ಅರ್ಧಕ್ಕೇ ಬಿಟ್ಟು ಎದ್ದ.

ಅಲ್ಲಿಂದ ಮುಂದೆ ಅವನು ಜೋಳದ ಚೀಲವನ್ನೂ ನಿದ್ದೆ ಹೋದವರನ್ನು ಕರೆತರುವಂತೆ ತಂದ. ಬಸ್ಸುಗಳು ಹಾದು ಹೋದವು. ಕ್ಲೀನರುಗಳು ನಕ್ಕರು.

ಅಮಾವಾಸ್ಯೆಯ ಹಿಂದಿನ ದಿನ ಬಂತು. ಮುಳ್ಳು ತಳದ ಹತ್ತಿರವಿತ್ತು.

“ನಾ ಬರೂದಿಲ್ಲ. ನೀವಿಬ್ಬರ ಹೋಗಿ ಬರ್ರಿ,” ಎಂದರು ಅಜ್ಜಾರು.

ದಾರಿಯಲ್ಲಿ ಬಾಳವ್ವ ಅವನ ತೋಳು ಮುಟ್ಟಿದಳು. “ಯಪ್ಪಾ, ಮುಟ್ಟತೈತೇನೋ ಇದು?”

“ಮುಟ್ಟತೈತಿ, ಯವ್ವಾ. ನೀ ಮಲ್ಕೋ.”

ಅವಳಿಗೆ ಕೇಳದ ಹಾಗೆ ಅವನು ಜೀಪಿನೊಡನೆ ಮಾತಾಡಿದ, ದೇವರೊಡನೆ ಮಾತಾಡಿದ. ಏರಿನಲ್ಲಿ ಉಸಿರು ಹಿಡಿದ.

ಸರದಿ ತಪ್ಪಲಿಲ್ಲ.

ಹೊತ್ತು ಮುಳುಗುವಾಗ ಜೀಪು ನದಿಯ ದಂಡೆಯ ಹಾದಿ ಹಿಡಿದು ಬಂತು. ಅಜ್ಜಾರು ಮಠದ ಬಾಗಿಲಲ್ಲೇ ನಿಂತಿದ್ದರು. ಮಧ್ಯಾಹ್ನದಿಂದ ನಿಂತಿದ್ದರೆಂದು ಆಮೇಲೆ ಯಾರೋ ಹೇಳಿದರು.

ಬಾಳವ್ವ ಕಣ್ಣುಜ್ಜಿಕೊಂಡಳು. “ಮಠ ಬಂತೇನು? ಈಗರ ಕಣ್ಣು ಹತ್ತಿತ್ತಲ್ಲೋ!”

ಅಜ್ಜಾರು ಕೈಕೊಟ್ಟು ಅವಳನ್ನು ಇಳಿಸಿದರು. ಅಡವೆಯ್ಯನಿಗೆ ತಡೆಯಲಾಗಲಿಲ್ಲ. ಸ್ಟಿಯರಿಂಗ್ ಹಿಡಿದೇ ಹೊರಕ್ಕೆ ಬಾಗಿದ.

“ಅಜ್ಜಾರ, ಹೋಗಿ ಬಂದ್ವಿ! ನಾಳೆ ಬಂಕ್ ಮುಟ್ಟಾಕೂ ಉಳದೈತಿ! ಆ ಏರಿನಾಗ ಹೆಂಗ ಹತ್ತಿಸಿದೆ ಗೊತ್ತೇನ್ರಿ? ಒಂದು ಲಾರಿ ಅಡ್ಡ ಬಂತು, ಬ್ರೇಕ್ ಮುಟ್ಟಲಿಲ್ಲ ನಾ. ಬಾಳವ್ವಗ ಕೇಳ್ರಿ, ಒಮ್ಮೆರ ಎಚ್ಚರಾತೇನು ಅಂತ! ಈಗರ ನನಗ ಗಾಡಿ ಹೊಡಿಯಾಕ ಬಂತಲ್ರೀ?”

ಅಜ್ಜಾರ ಕಣ್ಣು ತೇವವಾಗಿತ್ತು. ಗಡಗಡ ನಡುಗುತ್ತಿದ್ದ ಜೀಪಿನೊಳಗೆ ಕೈಹಾಕಿ ಅವನ ತಲೆ ಸವರಿದರು.

“ಎಲ್ಲಾ ಕೇಳ್ತೀನಪ್ಪಾ. ಮೊದಲ ಇಂಜಿನ್ ಆರಿಸು.”